ಹಬ್ಬರ್ಡ್ ಹಳ್ಳದ ಜಮಾಖರ್ಚು



ಅಮೆರಿಕದ ಭೂಪಟವನ್ನು ಮೇಜಿನ ಮೇಲೆ ಹರಡಿ ಎಷ್ಟು ಹುಡುಕಿದರೂ ಹಬ್ಬರ್ಡ್ ಬ್ರೂಕ್ ಎಂಬ ಹೆಸರು ಕಣ್ಣಿಗೆ ಬೀಳುವುದಿಲ್ಲ. ಮಿಸಿಸಿಪ್ಪಿ ಕಾಣುತ್ತದೆ, ಮಿಸೌರಿ ಕಾಣುತ್ತದೆ, ಹಡ್ಸನ್ ಕಾಣುತ್ತದೆ. ಹಬ್ಬರ್ಡ್ ಬ್ರೂಕ್ ಅಷ್ಟು ದೊಡ್ಡದಲ್ಲ. ಬ್ರೂಕ್ ಎಂಬ ಪದಕ್ಕೆ ನಮ್ಮಲ್ಲಿ ಹಳ್ಳ ಎನ್ನಬಹುದು, ತೊರೆ ಎನ್ನಬಹುದು, ಮಲೆನಾಡಿನವರಾದರೆ ಸಣ್ಣ ಹೊಳೆ ಎಂದಾರು. ಅದರ ದಡದಲ್ಲಿ ದೊಡ್ಡ ಪಟ್ಟಣವಿಲ್ಲ, ಅದರ ಹೆಸರಿನಲ್ಲಿ ಯುದ್ಧ ನಡೆದಿಲ್ಲ, ಅದರಲ್ಲಿ ಹಡಗು ಓಡುವುದಿಲ್ಲ. ಆದರೂ ಪರಿಸರ ವಿಜ್ಞಾನದ ಪಠ್ಯಪುಸ್ತಕ ತೆರೆದರೆ ಮಿಸಿಸಿಪ್ಪಿಗಿಂತ ಹೆಚ್ಚು ಸಲ ಈ ಹಳ್ಳದ ಹೆಸರು ಬರುವುದುಂಟು. ಯಾಕೆ ಹೀಗೆ? ಉತ್ತರ ಇರುವುದು ಆ ಹಳ್ಳದ ಭೂಗೋಳದಲ್ಲಿ. ಅಲ್ಲಿನ ನೆಲ ಒಂದು ವಿಶೇಷ ರೀತಿಯಲ್ಲಿ ಬಾಗಿದೆ, ಅಲ್ಲಿನ ಬಂಡೆ ಒಂದು ವಿಶೇಷ ಗುಣ ಪಡೆದಿದೆ. ಈ ಎರಡು ಸಂಗತಿಗಳಿಂದಾಗಿ ಒಂದು ಕಾಡಿನ ಜಮಾಖರ್ಚನ್ನು ಕಿರಾಣಿ ಅಂಗಡಿಯ ಖಾತೆಯಂತೆ ಬರೆದಿಡುವುದು ಸಾಧ್ಯವಾಯಿತು.

ಅಮೆರಿಕದ ಈಶಾನ್ಯ ಮೂಲೆಯಲ್ಲಿ ನ್ಯೂ ಹ್ಯಾಂಪ್‌ಷೈರ್ ಎಂಬ ಪುಟ್ಟ ರಾಜ್ಯವಿದೆ. ಅದರ ನಡುವೆ ಬಿಳಿಯ ಪರ್ವತಗಳು ಎಂಬ ಅರ್ಥದ ವೈಟ್ ಮೌಂಟನ್ಸ್. ಮೇಯ್ನ್, ನ್ಯೂ ಹ್ಯಾಂಪ್‌ಷೈರ್, ವರ್ಮಾಂಟ್ ಮತ್ತು ನ್ಯೂಯಾರ್ಕ್ ರಾಜ್ಯದ ಮೇಲ್ಭಾಗದುದ್ದಕ್ಕೂ ಹಬ್ಬಿರುವ ಕಾಡಿಗೆ ಅಲ್ಲಿನವರು ಉತ್ತರದ ಅರಣ್ಯ ಎಂದೇ ಹೆಸರಿಟ್ಟಿದ್ದಾರೆ. ದಕ್ಷಿಣದ ಅಗಲ ಎಲೆಯ ಮರಗಳೂ ಉತ್ತರದ ಸೂಜಿ ಎಲೆಯ ಮರಗಳೂ ಕೂಡುವ ಜಾಗ ಅದು. ಕೆಳಗಿನ ಇಳಿಜಾರಿನಲ್ಲಿ ಸಕ್ಕರೆ ಮೇಪಲ್, ಬೀಚ್, ಹಳದಿ ಬರ್ಚ್. ಮೇಲೆ ಮೇಲೆ ಹೋದಂತೆ ಸ್ಪ್ರೂಸ್ ಮತ್ತು ಫರ್. ಈ ಕಾಡಿನೊಳಗೆ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಹಳ್ಳವೇ ಹಬ್ಬರ್ಡ್ ಬ್ರೂಕ್.

ಹಳ್ಳದ ನೀರು ಪೆಮಿಗೆವಾಸೆಟ್ ನದಿಗೆ ಸೇರುತ್ತದೆ. ಅದು ಆ ನೆಲದ ಮೂಲನಿವಾಸಿಗಳಾದ ಅಬೆನಾಕಿ ಜನರ ಭಾಷೆಯಿಂದ ಬಂದ ಹೆಸರು. ಪೆಮಿಗೆವಾಸೆಟ್ ದಕ್ಷಿಣಕ್ಕೆ ಹರಿದು ಫ್ರಾಂಕ್ಲಿನ್ ಎಂಬ ಊರಿನಲ್ಲಿ ವಿನಿಪೆಸಾಕಿ ನದಿಯನ್ನು ಕೂಡುತ್ತದೆ. ಅಲ್ಲಿಂದ ಮುಂದೆ ಅದರ ಹೆಸರು ಮೆರಿಮ್ಯಾಕ್. ಮ್ಯಾಂಚೆಸ್ಟರ್, ಲೊವೆಲ್, ಲಾರೆನ್ಸ್ ನಗರಗಳನ್ನು ಹಾದು ಮೆರಿಮ್ಯಾಕ್ ಅಟ್ಲಾಂಟಿಕ್ ಸಾಗರಕ್ಕೆ ಬೀಳುತ್ತದೆ. ಈ ನಗರಗಳ ಹೆಸರು ಹೇಳಿದ್ದಕ್ಕೆ ಕಾರಣವಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ಹತ್ತಿಬಟ್ಟೆಯ ಗಿರಣಿಗಳ ದೊಡ್ಡ ಕೇಂದ್ರಗಳಾಗಿದ್ದ ಊರುಗಳು ಇವು. ಗಿರಣಿ ತಿರುಗಿಸಿದ್ದು ಮೆರಿಮ್ಯಾಕ್ ನೀರು. ಆ ನೀರಿನ ಒಂದು ಹನಿ ಹಬ್ಬರ್ಡ್ ಹಳ್ಳದ್ದು.

ಈಗ ಹಳ್ಳದ ಕಣಿವೆಯನ್ನು ನೋಡೋಣ. ಒಂದು ದೊಡ್ಡ ಬೋಗುಣಿಯನ್ನು ಪೂರ್ವದ ಕಡೆಗೆ ಸ್ವಲ್ಪ ಓರೆ ಮಾಡಿ ಇಟ್ಟಂತೆ ಅದರ ಆಕಾರ. ಸುತ್ತ ಏಣು, ನಡುವೆ ತಗ್ಗು, ಪೂರ್ವಕ್ಕೆ ಬಾಯಿ. ವಿಸ್ತೀರ್ಣ ಸುಮಾರು 3,160 ಹೆಕ್ಟೇರ್. ನಮ್ಮ ಎಕರೆ ಲೆಕ್ಕದಲ್ಲಿ 7,800. ಬಾಯಿಯ ಬಳಿ ಸಮುದ್ರಮಟ್ಟದಿಂದ ಸುಮಾರು 220 ಮೀಟರ್ ಎತ್ತರ, ಏಣಿನ ತುದಿಯಲ್ಲಿ ಸಾವಿರ ಮೀಟರಿಗೆ ತುಸು ಮೇಲೆ. ಎರಡೂ ಬದಿಯ ಇಳಿಜಾರಿನಿಂದ ಹತ್ತಾರು ಸಣ್ಣ ತೊರೆಗಳು ಇಳಿದು ನಡುವಿನ ಹಳ್ಳಕ್ಕೆ ಸೇರುತ್ತವೆ. ಅವುಗಳಿಗೆ ಇಟ್ಟ ಹೆಸರುಗಳು ಸೊಗಸಾಗಿವೆ. ಒಂದಕ್ಕೆ ಕರಡಿಯ ಹೆಸರು, ಬೇರ್ ಬ್ರೂಕ್. ಒಂದು ಸ್ವರ್ಗ, ಪ್ಯಾರಡೈಸ್ ಬ್ರೂಕ್. ಒಂದು ಅಂಕುಡೊಂಕು, ಜಿಗ್‌ಜಾಗ್ ಬ್ರೂಕ್. ಇನ್ನೊಂದನ್ನು ಹುಚ್ಚು ಹಳ್ಳ ಎಂದೇ ಕರೆದಿದ್ದಾರೆ, ಕ್ರೇಜಿ ಬ್ರೂಕ್. ಅಲ್ಲಿಯೂ ನಮ್ಮ ಹಳ್ಳಿಗಳಂತೆ ನೀರಿನ ಸ್ವಭಾವ ನೋಡಿಯೇ ಹೆಸರಿಟ್ಟಿರಬೇಕು.

ಬೋಗುಣಿಯ ತಳ ಗಟ್ಟಿಬಂಡೆ. ನಲವತ್ತು ಕೋಟಿ ವರ್ಷಕ್ಕೂ ಹಿಂದೆ ಸಮುದ್ರತಳದಲ್ಲಿ ಶೇಖರವಾದ ಕೆಸರು ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ ಪದರ ಪದರವಾದ ಶಿಸ್ಟ್ ಶಿಲೆಯಾಗಿದೆ. ಅದರ ಪಕ್ಕದಲ್ಲಿ ಗ್ರಾನೈಟ್ ಜಾತಿಯ ಕಲ್ಲು. ಇದರ ಮೇಲೆ ಹಿಮಯುಗದ ದಪ್ಪನೆಯ ಹಿಮರಾಶಿ ಉಜ್ಜಿಕೊಂಡು ಸಾಗಿತು. ಸುಮಾರು ಹದಿನಾಲ್ಕು ಸಾವಿರ ವರ್ಷಗಳ ಹಿಂದೆ ಆ ಹಿಮ ಕರಗಿ ಹಿಂದೆ ಸರಿದಾಗ ಕಲ್ಲು, ಮರಳು, ಜೇಡಿ ಎಲ್ಲವನ್ನೂ ಕಲಸಿ ಬಿಟ್ಟುಹೋಯಿತು. ಇಂದಿನ ಕಾಡು ನಿಂತಿರುವುದು ಆ ಕಲಸಿದ ಮಣ್ಣಿನ ಮೇಲೆ. ಮಣ್ಣು ಬಡವ, ಹುಳಿ ಗುಣದ್ದು, ಹೆಚ್ಚು ಆಳವಿಲ್ಲ. ಸುಣ್ಣಕಲ್ಲು ಅಲ್ಲಿ ಇಲ್ಲವೆಂದೇ ಹೇಳಬೇಕು. ಈ ಮಾತನ್ನು ನೆನಪಿಡಬೇಕು, ಮುಂದೆ ಬೇಕಾಗುತ್ತದೆ.

ಬಂಡೆಯ ವಿಶೇಷ ಗುಣ ಯಾವುದು? ಅದು ಸೋರುವುದಿಲ್ಲ. ಬಿದ್ದ ಮಳೆ ಆಳಕ್ಕೆ ಇಳಿದು ಬೇರೆ ಕಣಿವೆಗೆ ಹೋಗುವ ದಾರಿ ಇಲ್ಲವೆನ್ನುವಷ್ಟು ಕಡಿಮೆ. ಹಾಗಾದರೆ ಇಲ್ಲಿ ಬಿದ್ದ ನೀರಿಗೆ ಇರುವುದು ಎರಡೇ ದಾರಿ. ಒಂದೋ ಆವಿಯಾಗಿ, ಮರದ ಎಲೆಗಳ ಮೂಲಕ ಮೇಲಕ್ಕೆ ಹೋಗಬೇಕು. ಇಲ್ಲವೇ ತೊರೆಯಲ್ಲಿ ಹರಿದು ಹೊರಕ್ಕೆ ಬರಬೇಕು. ವರ್ಷಕ್ಕೆ ಸುಮಾರು 1,400 ಮಿಲಿಮೀಟರ್ ಮಳೆ ಮತ್ತು ಹಿಮ ಬೀಳುತ್ತದೆ. ಅದರಲ್ಲಿ ಸುಮಾರು 500 ಮಿಲಿಮೀಟರಿನಷ್ಟು ಮೇಲಕ್ಕೆ, ಉಳಿದದ್ದು ತೊರೆಗೆ. ಜಲಾನಯನ ಎಂಬ ಪದ ಇಂದು ಸರ್ಕಾರಿ ಇಲಾಖೆಯ ಫಲಕಗಳಿಂದಾಗಿ ಕರ್ನಾಟಕದ ರೈತರಿಗೆಲ್ಲ ಪರಿಚಿತ. ಆದರೆ ನಮ್ಮ ಬಹುಪಾಲು ಜಲಾನಯನಗಳಲ್ಲಿ ನೀರು ಬಿರುಕುಗಳಲ್ಲಿ ಇಳಿದು, ಬಾವಿ ಕೊಳವೆಬಾವಿಗಳಿಗೆ ಹಂಚಿಹೋಗಿ ಲೆಕ್ಕಕ್ಕೆ ಸಿಗುವುದಿಲ್ಲ. ಹಬ್ಬರ್ಡ್ ಬ್ರೂಕ್‌ನಲ್ಲಿ ಸಿಗುತ್ತದೆ.

ಮಳೆಯ ರೀತಿಯೂ ನಮ್ಮದಕ್ಕಿಂತ ಬೇರೆ. ಆಗುಂಬೆಯಲ್ಲಿ ಜುಲೈ ತಿಂಗಳೊಂದರಲ್ಲೇ ಆ ಕಣಿವೆಯ ಇಡೀ ವರ್ಷದ ಮಳೆಗಿಂತ ಹೆಚ್ಚು ಸುರಿದುಬಿಡುತ್ತದೆ. ಅಲ್ಲಿ ಹಾಗಲ್ಲ. ಹನ್ನೆರಡು ತಿಂಗಳಿಗೂ ಹೆಚ್ಚುಕಡಿಮೆ ಸಮಪಾಲು. ಮಳೆಗಾಲ ಎಂಬ ಕಾಲವೇ ಇಲ್ಲ. ಹೀಗಿದ್ದರೂ ಹಳ್ಳ ವರ್ಷವಿಡೀ ಒಂದೇ ಸಮ ಹರಿಯುವುದಿಲ್ಲ ಎಂಬುದೇ ಸ್ವಾರಸ್ಯ. ಚಳಿಗಾಲದಲ್ಲಿ ಬಿದ್ದದ್ದು ಹಿಮವಾಗಿ ನೆಲದ ಮೇಲೆ ಕುಳಿತಿರುತ್ತದೆ. ಆಳೆತ್ತರದ ಹತ್ತಿರ ಹತ್ತಿರ ಬೆಳೆಯುವ ವರ್ಷಗಳೂ ಇವೆ. ಹಳ್ಳ ಮಂಜುಗಡ್ಡೆಯ ಹೊದಿಕೆಯ ಕೆಳಗೆ ಸಣ್ಣಗೆ ಹರಿಯುತ್ತದೆ. ಏಪ್ರಿಲ್ ಬಂತೆಂದರೆ ಹಿಮ ಕರಗಿ ಭೋರ್ಗರೆಯುತ್ತದೆ. ಮೇ ತಿಂಗಳಲ್ಲಿ ಮರಗಳು ಚಿಗುರುತ್ತವೆ, ಎಲೆ ಬಿಚ್ಚಿದ ಕೂಡಲೇ ನೀರು ಕುಡಿಯತೊಡಗುತ್ತವೆ. ಮಳೆ ಕಡಿಮೆಯಾಗದಿದ್ದರೂ ಹಳ್ಳ ಇಳಿಯುತ್ತದೆ. ಬೇಸಿಗೆಯ ಒಂದೇ ದಿನದೊಳಗೂ ಈ ಏರಿಳಿತ ಕಾಣುತ್ತದೆ: ಬಿಸಿಲೇರಿ ಮರ ನೀರೆಳೆಯುವಾಗ ತೊರೆ ತುಸು ಸೊರಗುತ್ತದೆ, ರಾತ್ರಿಯಲ್ಲಿ ತುಸು ತುಂಬುತ್ತದೆ. ಅಕ್ಟೋಬರಿನಲ್ಲಿ ಎಲೆ ಉದುರಿದ ಮೇಲೆ ಹೆಚ್ಚಿನ ಮಳೆಯೇನೂ ಇಲ್ಲದೆ ಹಳ್ಳ ಮತ್ತೆ ಏರುತ್ತದೆ. ನೀರಿನ ಮಟ್ಟ ಅಳೆಯುವ ಲೇಖನಿಯೊಂದು ಕಾಗದದ ಮೇಲೆ ಬರೆದ ಗೆರೆಯಲ್ಲಿ ಇಡೀ ಕಾಡಿನ ಉಸಿರಾಟವನ್ನು ಓದಬಹುದು.

ಈ ಕಾಡು ಅನಾದಿಯಿಂದ ಯಾರೂ ಮುಟ್ಟದ ಕಾಡು ಎಂದು ಭಾವಿಸಬೇಕಾಗಿಲ್ಲ. 1910ರ ಆಸುಪಾಸಿನಲ್ಲಿ ಇಲ್ಲಿ ಭಾರೀ ಕಡಿತಲೆ ನಡೆದಿತ್ತು. ಬಿಳಿಯ ಪರ್ವತಗಳ ಉದ್ದಕ್ಕೂ ಮರದ ಕಂಪೆನಿಗಳು ಬೆಟ್ಟ ಬೋಳಿಸಿದ್ದವು, ಉಳಿದ ಕೊಂಬೆರೆಂಬೆಗೆ ಬೆಂಕಿ ಬೀಳುತ್ತಿತ್ತು. ಬೆಟ್ಟ ಬೋಳಾದರೆ ನದಿ ಕೆಡುತ್ತದೆ, ನದಿ ಕೆಟ್ಟರೆ ಗಿರಣಿಗೆ ಪೆಟ್ಟು ಎಂಬ ಕೂಗು ಎದ್ದಿತು. ಅಮೆರಿಕದ ಸಂವಿಧಾನದ ಪ್ರಕಾರ ಕೇಂದ್ರ ಸರ್ಕಾರ ಖಾಸಗಿಯವರ ಕಾಡನ್ನು ಸುಮ್ಮಸುಮ್ಮನೆ ಕೊಳ್ಳುವಂತಿರಲಿಲ್ಲ. ಆದರೆ ಹಡಗು ಓಡುವ ನದಿಗಳ ಮೇಲೆ ಅದಕ್ಕೆ ಅಧಿಕಾರವಿತ್ತು. ಆ ಎಳೆಯನ್ನು ಹಿಡಿದು 1911ರಲ್ಲಿ ವೀಕ್ಸ್ ಕಾಯ್ದೆ ಬಂತು. ನದಿಗಳ ತಲೆಕಾವೇರಿಗಳನ್ನು ರಕ್ಷಿಸಲು ಬೆಟ್ಟದ ಕಾಡನ್ನು ಕೊಳ್ಳಬಹುದು ಎಂದಿತು ಆ ಕಾನೂನು. 1918ರಲ್ಲಿ ವೈಟ್ ಮೌಂಟನ್ ರಾಷ್ಟ್ರೀಯ ಅರಣ್ಯ ಸ್ಥಾಪನೆಯಾಯಿತು. ಅಂದರೆ ಕಾಡನ್ನು ಕಾಡಿಗಾಗಿ ಅಲ್ಲ, ನೀರಿಗಾಗಿ ಉಳಿಸಲಾಯಿತು. 1938ರ ಸೆಪ್ಟೆಂಬರ್ 21ರಂದು ಅಟ್ಲಾಂಟಿಕ್ ಕಡೆಯಿಂದ ಬಂದ ಚಂಡಮಾರುತ ಮತ್ತೆ ಬಹಳಷ್ಟು ಮರಗಳನ್ನು ಕೆಡವಿತು. ಇಂದು ಕಾಣುವುದು ಈ ಎಲ್ಲ ಪೆಟ್ಟುಗಳ ನಂತರ ಮತ್ತೆ ಎದ್ದು ನಿಂತ ಕಾಡು.

1955ರಲ್ಲಿ ಅಮೆರಿಕದ ಅರಣ್ಯ ಇಲಾಖೆ ಈ ಕಣಿವೆಯನ್ನು ಪ್ರಾಯೋಗಿಕ ಅರಣ್ಯವೆಂದು ಘೋಷಿಸಿತು. ಉದ್ದೇಶ ಸರಳವಾದದ್ದು: ಕಾಡಿಗೂ ಹಳ್ಳದ ನೀರಿಗೂ ಇರುವ ಸಂಬಂಧವನ್ನು ಅಳೆಯುವುದು. ಇಳಿಜಾರಿನ ಸಣ್ಣ ತೊರೆಗಳನ್ನು ಆರಿಸಿ, ಒಂದೊಂದರ ಬುಡದಲ್ಲಿ ಬಂಡೆಯವರೆಗೂ ಅಗೆದು ಕಾಂಕ್ರೀಟಿನ ಒಡ್ಡು ಕಟ್ಟಿದರು. ಒಡ್ಡಿನ ನಡುವೆ ಇಂಗ್ಲಿಷಿನ ವಿ ಅಕ್ಷರದ ಆಕಾರದ ಕಚ್ಚು. ತೊರೆಯ ಎಲ್ಲ ನೀರೂ ಆ ಕಚ್ಚಿನ ಮೂಲಕವೇ ಧುಮುಕಬೇಕು. ಕಚ್ಚಿನಲ್ಲಿ ನೀರಿನ ಎತ್ತರ ಎಷ್ಟೆಂದು ತಿಳಿದರೆ ಸೆಕೆಂಡಿಗೆ ಎಷ್ಟು ಲೀಟರ್ ಹೋಗುತ್ತಿದೆ ಎಂದು ಸೂತ್ರದಿಂದ ಹೇಳಬಹುದು. ನಮ್ಮ ನೀರಾವರಿ ಎಂಜಿನಿಯರುಗಳಿಗೆ ಇದು ಹೊಸತಲ್ಲ. ತೊರೆಯ ಸುತ್ತಲಿನ ಇಳಿಜಾರಿನಲ್ಲಿ ಮಳೆಮಾಪಕಗಳು. ಹೀಗೆ ಒಂಬತ್ತು ಪುಟ್ಟ ಜಲಾನಯನಗಳು ಸಿದ್ಧವಾದವು. ಅವಕ್ಕೆ ಹೆಸರಿಲ್ಲ, ಒಂದರಿಂದ ಒಂಬತ್ತರವರೆಗೆ ಸಂಖ್ಯೆ ಮಾತ್ರ.

ಅರಣ್ಯ ಇಲಾಖೆ ಅಳೆಯುತ್ತಿದ್ದುದು ನೀರಿನ ಪ್ರಮಾಣವನ್ನು. ಹತ್ತಿರದ ಡಾರ್ಟ್‌ಮತ್ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಹರ್ಬರ್ಟ್ ಬೋರ್ಮನ್ ಅವರಿಗೆ ಇನ್ನೊಂದು ಯೋಚನೆ ಹೊಳೆಯಿತು. ಬರುವ ನೀರೂ ಗೊತ್ತು, ಹೋಗುವ ನೀರೂ ಗೊತ್ತು ಎಂದಾದರೆ, ಆ ನೀರಿನಲ್ಲಿ ಕರಗಿರುವುದನ್ನೂ ಅಳೆಯಬಾರದೇಕೆ? ಮಳೆಯಲ್ಲಿ ಬಂದ ಕ್ಯಾಲ್ಸಿಯಂ ಎಷ್ಟು, ತೊರೆಯಲ್ಲಿ ಹೋದದ್ದೆಷ್ಟು. ಬಂದ ಸಾರಜನಕ ಎಷ್ಟು, ಹೋದದ್ದೆಷ್ಟು? ಬಂದದ್ದು ಜಮಾ, ಹೋದದ್ದು ಖರ್ಚು, ವ್ಯತ್ಯಾಸ ಕಾಡಿನ ಶಿಲ್ಕು. 1960ರಲ್ಲಿ ಅವರು ಅರಣ್ಯ ಇಲಾಖೆಯ ರಾಬರ್ಟ್ ಪಿಯರ್ಸ್ ಅವರಿಗೆ ಪತ್ರ ಬರೆದು ಇದನ್ನು ಸೂಚಿಸಿದರು. ಜಲಜೀವಶಾಸ್ತ್ರದ ಜೀನ್ ಲೈಕನ್ಸ್ ಮತ್ತು ಭೂವಿಜ್ಞಾನಿ ನೋಯ್ ಜಾನ್ಸನ್ ಜೊತೆಗೂಡಿದರು. 1963ರಲ್ಲಿ ಕೆಲಸ ಆರಂಭವಾಯಿತು. ಕೆಲಸ ನೋಡಲು ಏನೂ ಇಲ್ಲ. ವಾರಕ್ಕೊಮ್ಮೆ ಶೀಸೆ ಹಿಡಿದು ಹೋಗಿ ಮಳೆನೀರನ್ನೂ ತೊರೆಯ ನೀರನ್ನೂ ತುಂಬಿಕೊಂಡು ಬರುವುದು, ಪರೀಕ್ಷಿಸುವುದು, ಬರೆದಿಡುವುದು. ನಾಟಕೀಯವಾದ ಸಾಹಸ ಇದರಲ್ಲಿಲ್ಲ. ಆದರೆ ಆರು ದಶಕ ಇದನ್ನು ಬಿಡದೆ ಮಾಡಿದ್ದೇ ಒಂದು ಸಾಹಸ.

ಮೊದಲ ವರ್ಷದಲ್ಲೇ ಒಂದು ಆಶ್ಚರ್ಯ ಕಾದಿತ್ತು. 1963ರ ಜುಲೈನಲ್ಲಿ ಹಿಡಿದ ಮೊದಲ ಮಳೆನೀರಿನ ಪಿಎಚ್ 3.7 ಇತ್ತು. ಪಿಎಚ್ ಎಂಬುದು ಆಮ್ಲತೆಯ ಅಳತೆ. 7 ಎಂದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. ಸಂಖ್ಯೆ ಇಳಿದಷ್ಟೂ ಹುಳಿ ಹೆಚ್ಚು. ಒಂದು ಅಂಕ ಇಳಿದರೆ ಹತ್ತು ಪಟ್ಟು ಹೆಚ್ಚೆಂದು ಅರ್ಥ. ಗಾಳಿಯಲ್ಲಿನ ಇಂಗಾಲದ ಡೈ ಆಕ್ಸೈಡ್ ಕರಗುವುದರಿಂದ ಶುದ್ಧ ಮಳೆಯೂ ಸ್ವಲ್ಪ ಹುಳಿಯೇ, ಸುಮಾರು 5.6. ಆದರೆ 3.7 ಎಂದರೆ ಟೊಮೆಟೊ ರಸಕ್ಕಿಂತ ಹೆಚ್ಚಿನ ಹುಳಿ, ಶುದ್ಧ ಮಳೆಗಿಂತ ಸುಮಾರು ಎಂಬತ್ತು ಪಟ್ಟು. ಕಾರ್ಖಾನೆಯೊಂದೂ ಇಲ್ಲದ ಕಾಡಿನಲ್ಲಿ ಇಂಥ ಮಳೆ ಎಲ್ಲಿಂದ ಬಂತು?

ಆಮ್ಲಮಳೆ ಎಂಬ ಪದವೇನೂ ಹೊಸದಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸುತ್ತ ಮಳೆ ಪರೀಕ್ಷಿಸಿದ್ದ ರಾಬರ್ಟ್ ಆಂಗಸ್ ಸ್ಮಿತ್ 1872ರ ತಮ್ಮ ಪುಸ್ತಕದಲ್ಲಿ ಆ ಪದವನ್ನು ಬಳಸಿದ್ದರು. ಆದರೆ ಅದು ಹೊಗೆ ಕಾರುವ ಊರಿನ ಕಥೆ. ಊರಿಂದ ದೂರದ ಕಾಡಿಗೂ ಅದು ಬರುತ್ತದೆಂದು ಉತ್ತರ ಅಮೆರಿಕಕ್ಕೆ ಮನಗಾಣಿಸಿದ್ದು ಹಬ್ಬರ್ಡ್ ಹಳ್ಳದ ಶೀಸೆಗಳು. ಒಂದು ಮಳೆ, ಒಂದು ವರ್ಷ ನೋಡಿ ಲೈಕನ್ಸ್ ಮತ್ತು ಬೋರ್ಮನ್ ತೀರ್ಪು ಕೊಡಲಿಲ್ಲ. ವರ್ಷಗಟ್ಟಲೆ ಅಳೆದು, ಬೇರೆ ಕಡೆಯ ಮಾಹಿತಿ ಜೋಡಿಸಿ, 1970ರ ದಶಕದ ಆರಂಭದಲ್ಲಿ ಪ್ರಕಟಿಸಿದರು. ಪಶ್ಚಿಮಕ್ಕೆ ನೂರಾರು ಮೈಲಿ ದೂರದಲ್ಲಿ, ಒಹಾಯೊ ನದಿಯ ಕಣಿವೆಯಲ್ಲಿ ಮತ್ತು ಅದರ ಸುತ್ತ, ಕಲ್ಲಿದ್ದಲು ಉರಿಸುವ ವಿದ್ಯುತ್ ಸ್ಥಾವರಗಳಿದ್ದವು. ಸುತ್ತಲಿನ ಊರಿಗೆ ತೊಂದರೆಯಾಗಬಾರದೆಂದು ಅವುಗಳ ಚಿಮಣಿಗಳನ್ನು ಎತ್ತರಿಸುತ್ತ ಹೋದರು. ಊರಿನ ಗಾಳಿ ಸುಧಾರಿಸಿತು, ನಿಜ. ಗಂಧಕದ ಹೊಗೆ ಮೇಲಿನ ಗಾಳಿಯನ್ನು ಹಿಡಿದು ಪೂರ್ವಕ್ಕೆ ಸಾಗಿತು. ದಾರಿಯಲ್ಲಿ ಗಂಧಕಾಮ್ಲವಾಗಿ ಬಿಳಿಯ ಪರ್ವತಗಳ ಮೇಲೆ ಇಳಿಯಿತು. ದೀಪ ಉರಿದದ್ದು ಒಂದು ಕಡೆ, ಬೆಲೆ ತೆತ್ತದ್ದು ಇನ್ನೊಂದು ಕಡೆ. ನಮ್ಮಲ್ಲಿ ಆಮ್ಲಮಳೆಯ ಮಾತು ಜನರ ಬಾಯಿಗೆ ಬಂದದ್ದು ತಾಜ್ ಮಹಲಿನ ಅಮೃತಶಿಲೆಯ ನೆಪದಲ್ಲಿ; ಅಲ್ಲಿ ಬಂದದ್ದು ಒಂದು ಕಾಡಿನ ಹಳ್ಳದಿಂದ.

ಇದರ ನಡುವೆ ಎರಡನೆಯ ಸಂಖ್ಯೆಯ ಜಲಾನಯನದಲ್ಲಿ ಇನ್ನೊಂದು ಪ್ರಯೋಗ ನಡೆಯಿತು. 1965ರ ಚಳಿಗಾಲದಲ್ಲಿ ಅಲ್ಲಿನ 15.6 ಹೆಕ್ಟೇರಿನ ಮರಗಳನ್ನೆಲ್ಲ ಕಡಿದು ಹಾಕಿದರು. ಒಂದು ತುಂಡನ್ನೂ ಹೊರಗೆ ಸಾಗಿಸಲಿಲ್ಲ, ರಸ್ತೆ ಮಾಡಲಿಲ್ಲ. ನಂತರ ಮೂರು ಬೇಸಿಗೆ ಕಳೆನಾಶಕ ಸಿಂಪಡಿಸಿ ಹಸಿರು ತಲೆಯೆತ್ತದಂತೆ ನೋಡಿಕೊಂಡರು. ಪಕ್ಕದ ಜಲಾನಯನ ಹಾಗೆಯೇ ಇತ್ತು, ಹೋಲಿಕೆಗಾಗಿ. ಏನಾಯಿತು? ನೀರು ಕುಡಿಯುವ ಮರಗಳಿಲ್ಲದ ಕಾರಣ ತೊರೆಯ ನೀರು ಮೊದಲ ವರ್ಷ ಸುಮಾರು ಶೇಕಡ 40ರಷ್ಟು ಹೆಚ್ಚಿತು. ಇದು ನಿರೀಕ್ಷಿಸಿದ್ದೇ. ಆದರೆ ನೀರಿನಲ್ಲಿ ನೈಟ್ರೇಟ್ ಪ್ರಮಾಣ ಸುಮಾರು ನಲವತ್ತು ಪಟ್ಟು ಏರಿ, ಕುಡಿಯುವ ನೀರಿಗೆ ಹೇಳಿದ ಮಿತಿಯನ್ನು ದಾಟಿತು. ಕ್ಯಾಲ್ಸಿಯಂ, ಪೊಟ್ಯಾಸಿಯಂ ಕೂಡ ಹೊರಟವು. ತೊರೆಯ ತಳದಲ್ಲಿ ಪಾಚಿ ಬೆಳೆಯಿತು. ನೂರಾರು ವರ್ಷ ಕಾಡು ಕೂಡಿಟ್ಟದ್ದು ಮರ ಹೋದೊಡನೆ ಕಚ್ಚಿನ ಮೂಲಕ ಸೋರಿತು. ಮಣ್ಣು ಕೊಚ್ಚಿಹೋಗುವುದಷ್ಟೇ ನಷ್ಟವಲ್ಲ, ನೀರು ತಿಳಿಯಾಗಿ ಕಾಣುವಾಗಲೂ ಫಲವತ್ತತೆ ಅದರೊಳಗೆ ಕರಗಿ ಹೋಗುತ್ತಿರಬಹುದು ಎಂಬುದು ಆಗ ಹೊಸ ತಿಳಿವಳಿಕೆ.

ಈ ಪ್ರಯೋಗ ಕ್ರೂರವಾಗಿತ್ತು ಎಂದು ಹೇಳಿದರೆ ತಪ್ಪಿಲ್ಲ. ಅಲ್ಲದೆ ಅದನ್ನು ಬಳಸಿಕೊಂಡ ರೀತಿಯಲ್ಲೂ ಎಚ್ಚರ ಬೇಕು. ಸಾಮಾನ್ಯ ಕಡಿತಲೆಯ ನಂತರ ಕಾಡು ಮರುವರ್ಷವೇ ಚಿಗುರುತ್ತದೆ. ಚೆರಿ ಗಿಡ, ಮುಳ್ಳುಪೊದೆ ಎದ್ದು ಸೋರಿಕೆಯನ್ನು ತಡೆಯುತ್ತವೆ. ಇಲ್ಲಿ ಚಿಗುರಲು ಬಿಡಲೇ ಇಲ್ಲ. ಆದ್ದರಿಂದ ಆ ಅಂಕಿಗಳನ್ನು ಎತ್ತಿ ಎಲ್ಲ ಕಡಿತಲೆಗೂ ಅಂಟಿಸುವುದು ನ್ಯಾಯವಲ್ಲ. ಮುಂದೆ ನಾಲ್ಕನೆಯ ಜಲಾನಯನದಲ್ಲಿ ಪಟ್ಟೆ ಪಟ್ಟೆಯಾಗಿ, ಐದನೆಯದರಲ್ಲಿ ಬುಡದಿಂದ ತುದಿಯವರೆಗೆ ಪೂರ್ತಿ ಮರ ಹೊರಸಾಗಿಸುವ ರೀತಿಯಲ್ಲಿ ಕಡಿದು ಬೇರೆ ಬೇರೆಯಾಗಿ ಅಳೆದದ್ದು ಇದೇ ಕಾರಣಕ್ಕೆ. ಆರನೆಯದನ್ನು ಯಾರೂ ಮುಟ್ಟಿಲ್ಲ. 13 ಹೆಕ್ಟೇರಿನ ಆ ತುಂಡು ಕಾಡು ಉಳಿದವಕ್ಕೆಲ್ಲ ತಕ್ಕಡಿಯ ಕಲ್ಲಿನಂತೆ.

ಹಳ್ಳದೊಳಗಿನ ಬದುಕಿನ ಬಗ್ಗೆಯೂ ಒಂದು ಮಾತು. ಹೊಳೆಯ ಜೀವಿಗಳಿಗೆ ಅನ್ನ ಎಲ್ಲಿಂದ? ಬಿಸಿಲು, ಪಾಚಿ, ಪಾಚಿ ತಿನ್ನುವ ಹುಳು, ಹುಳು ತಿನ್ನುವ ಮೀನು ಎಂದು ಶಾಲೆಯ ಪಾಠ ಹೇಳುತ್ತದೆ. ಕರಡಿ ಹಳ್ಳವಾದ ಬೇರ್ ಬ್ರೂಕಿನಲ್ಲಿ ಸ್ಟುವರ್ಟ್ ಫಿಷರ್ ಮತ್ತು ಲೈಕನ್ಸ್ ಇದರ ಖಾತೆಯನ್ನೂ ಬರೆದು 1973ರಲ್ಲಿ ಪ್ರಕಟಿಸಿದರು. ದಟ್ಟ ನೆರಳಿನ ಆ ತೊರೆಗೆ ಬರುವ ಆಹಾರಶಕ್ತಿಯಲ್ಲಿ ಶೇಕಡ 99ಕ್ಕೂ ಹೆಚ್ಚು ಕಾಡಿನಿಂದ ಬರುವಂಥದು: ಉದುರಿದ ಎಲೆ, ಕಡ್ಡಿ, ಮಣ್ಣಿನಿಂದ ಕರಗಿ ಬಂದ ಸಾರ. ಹಳ್ಳ ತನ್ನ ಅನ್ನವನ್ನು ತಾನು ಬೆಳೆಯುವುದೇ ಇಲ್ಲ. ಬಿದ್ದ ಮರವೊಂದು ತೊರೆಗೆ ಅಡ್ಡಲಾಗಿ ಮಲಗುತ್ತದೆ, ಅದರ ಹಿಂದೆ ಎಲೆ ಕಸ ನಿಂತು ಪುಟ್ಟ ಕಟ್ಟೆಯಾಗುತ್ತದೆ, ಆ ಕಸದಲ್ಲಿ ಹುಳುಗಳ ಸಂಸಾರ. ಒಂದು ಕಡೆ ತೊರೆಯ 175 ಮೀಟರಿನುದ್ದಕ್ಕೆ ಇಂಥ ಕಟ್ಟೆಗಳನ್ನೆಲ್ಲ ಕಿತ್ತು ನೋಡಿದರು. ತಂಗಿದ್ದ ಸಾರವೆಲ್ಲ ಕೊಚ್ಚಿಕೊಂಡು ಹೋಯಿತು. ಹಳ್ಳ ಸ್ವಚ್ಛ ಮಾಡುತ್ತೇವೆಂದು ಬಿದ್ದ ಕೊಂಬೆಯನ್ನೆಲ್ಲ ಎಳೆದುಹಾಕುವ ಉತ್ಸಾಹಿಗಳು ಎಲ್ಲ ದೇಶದಲ್ಲೂ ಇದ್ದಾರೆ.

ಆಮ್ಲದ ವಿಷಯಕ್ಕೆ ಮತ್ತೆ ಬರೋಣ. 1977ರಲ್ಲಿ ನಾರಿಸ್ ಬ್ರೂಕ್ ಎಂಬ ತೊರೆಗೆ ಬೇಕೆಂದೇ ಆಮ್ಲ ಬೆರೆಸಿ ಪಿಎಚ್ 4ಕ್ಕೆ ಇಳಿಸಿ ನೋಡಲಾಯಿತು. ತೊರೆಯ ತಳದಿಂದ ಅಲ್ಯೂಮಿನಿಯಂ ಬಿಡುಗಡೆಯಾಯಿತು, ನೀರಿನಿಂದ ಹೊರಬರುವ ಕೀಟಗಳ ಸಂಖ್ಯೆ ಬದಲಾಯಿತು. ಆದರೂ ವಿಜ್ಞಾನ ಹೇಳಿದ್ದು ಕಾನೂನಾಗಲು ಬಹಳ ಕಾಲ ಹಿಡಿಯಿತು. 1983ರಲ್ಲಿ ಅಧ್ಯಕ್ಷ ರೇಗನ್ ಅವರಿಗೆ ಆಮ್ಲಮಳೆಯನ್ನು ವಿವರಿಸಿದವರಲ್ಲಿ ಲೈಕನ್ಸ್ ಇದ್ದರು. ಇನ್ನಷ್ಟು ಅಧ್ಯಯನ ಬೇಕು ಎಂಬ ಉತ್ತರದಲ್ಲೇ ವರ್ಷಗಳು ಕಳೆದವು. ಕಡೆಗೆ 1990ರ ನವೆಂಬರಿನಲ್ಲಿ ಅಧ್ಯಕ್ಷ ಜಾರ್ಜ್ ಬುಷ್ ಶುದ್ಧವಾಯು ಕಾಯ್ದೆಯ ತಿದ್ದುಪಡಿಗೆ ಸಹಿ ಹಾಕಿದರು. ವಿದ್ಯುತ್ ಸ್ಥಾವರಗಳು ಉಗುಳುವ ಗಂಧಕದ ಡೈ ಆಕ್ಸೈಡಿಗೆ ಒಟ್ಟು ಮಿತಿ ಗೊತ್ತುಮಾಡಿ, ಆ ಮಿತಿಯೊಳಗೆ ಪರವಾನಗಿಗಳನ್ನು ಕೊಂಡು ಮಾರುವ ವ್ಯವಸ್ಥೆ ಬಂತು.

ಗಂಧಕ ಇಳಿಯಿತು. ಶೀಸೆಗಳಲ್ಲಿ ಅದು ಕಾಣಿಸಿತು. ಹಾಗಾದರೆ ಹಳ್ಳವೂ ಅಷ್ಟೇ ಬೇಗ ಸುಧಾರಿಸಬೇಕಿತ್ತಲ್ಲ? ಸುಧಾರಿಸಲಿಲ್ಲ. ಲೈಕನ್ಸ್, ಚಾರ್ಲ್ಸ್ ಡ್ರಿಸ್ಕಾಲ್ ಮತ್ತು ಡೊನಾಲ್ಡ್ ಬೂಸೊ 1996ರಲ್ಲಿ ಅದಕ್ಕೆ ಕಾರಣ ಕೊಟ್ಟರು. ಸುಣ್ಣಕಲ್ಲು ಇಲ್ಲದ ಬಡಮಣ್ಣು ಎಂಬ ಮಾತು ಇಲ್ಲಿ ಕೆಲಸಕ್ಕೆ ಬರುತ್ತದೆ. ಮಳೆಯಲ್ಲಿ ಬಂದ ಸಲ್ಫೇಟ್ ಬರಿಗೈಯಲ್ಲಿ ಹೊರಹೋಗುವುದಿಲ್ಲ, ಮಣ್ಣಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಜೊತೆಗೆ ಎಳೆದುಕೊಂಡು ಹೋಗುತ್ತದೆ. ಸುಣ್ಣದ ನೆಲವಾಗಿದ್ದರೆ ನಷ್ಟ ತುಂಬಿಕೊಳ್ಳುತ್ತಿತ್ತು. ಇಲ್ಲಿ ಬಂಡೆ ಸವೆದು ಕ್ಯಾಲ್ಸಿಯಂ ಕೊಡುವ ವೇಗ ತೀರ ನಿಧಾನ. ಮಣ್ಣು ಕೂಡಿಟ್ಟಿದ್ದ ಕ್ಯಾಲ್ಸಿಯಂನಲ್ಲಿ ಸುಮಾರು ಅರ್ಧ ಹೋಗಿದೆ ಎಂದು ಅವರ ಅಂದಾಜು. ಬಡ್ಡಿ ಸಾಲದೆ ಅಸಲಿಗೆ ಕೈ ಹಾಕಿದ ಸಂಸಾರದ ಹಾಗೆ. 1980ರ ದಶಕದಿಂದ ಕಾಡಿನ ಬೆಳವಣಿಗೆಯೂ ನಿಂತಂತಿದ್ದುದು ಅವರ ಗಮನಕ್ಕೆ ಬಂದಿತ್ತು.

ಇದು ಬರಿಯ ಊಹೆಯೋ ನಿಜವೋ ಎಂದು ನೋಡಲು 1999ರ ಅಕ್ಟೋಬರಿನಲ್ಲಿ ಒಂದನೆಯ ಜಲಾನಯನದ ಮೇಲೆ ಹೆಲಿಕಾಪ್ಟರಿನಿಂದ ವೊಲಾಸ್ಟೊನೈಟ್ ಎಂಬ ಕ್ಯಾಲ್ಸಿಯಂ ಖನಿಜದ ಗುಳಿಗೆಗಳನ್ನು ಚೆಲ್ಲಿದರು. ಕೆಲವೇ ವರ್ಷಗಳಲ್ಲಿ ಸಕ್ಕರೆ ಮೇಪಲ್ ಚೇತರಿಸಿಕೊಂಡಿತು, ಸಸಿಗಳು ಹೆಚ್ಚು ಉಳಿದವು. ಒಂದು ಪುಟ್ಟ ಕಣಿವೆಗೆ ಹೀಗೆ ಔಷಧ ಕೊಡಬಹುದು. ಇಡೀ ಉತ್ತರದ ಅರಣ್ಯಕ್ಕೆ ಹೆಲಿಕಾಪ್ಟರಿನಲ್ಲಿ ಖನಿಜ ಸುರಿಯುವುದು ಆಗದ ಮಾತು.

ಈಗ ಅಲ್ಲಿ ಬೀಳುವ ಮಳೆಯ ಪಿಎಚ್ ಸರಾಸರಿ 5ರ ಆಸುಪಾಸಿಗೆ ಏರಿದೆ. 1963ರ ಮಳೆಗೆ ಹೋಲಿಸಿದರೆ ಬಹುದೊಡ್ಡ ಬದಲಾವಣೆ. ತೊರೆಯ ನೀರೂ ನಿಧಾನವಾಗಿ ಹಿಂಬಾಲಿಸುತ್ತಿದೆ. ಪೆಟ್ರೋಲಿಗೆ ಸೀಸ ಬೆರೆಸುವುದು ಅಮೆರಿಕದಲ್ಲಿ ಕಡಿಮೆಯಾದಂತೆ ಮಳೆಯಲ್ಲಿನ ಸೀಸವೂ ಬಹುಮಟ್ಟಿಗೆ ಮಾಯವಾದದ್ದು ಇದೇ ಖಾತೆಯಲ್ಲಿ ದಾಖಲಾಗಿದೆ. ಚಳಿಗಾಲ ಮೊದಲಿಗಿಂತ ಬೆಚ್ಚಗಾಗಿ ಹಿಮ ಕಡಿಮೆಯಾಗುತ್ತಿರುವುದೂ ದಾಖಲಾಗುತ್ತಿದೆ. ಹಳೆಯ ಶೀಸೆಗಳನ್ನು ಬಿಸಾಡಿಲ್ಲ. ಮಳೆ, ತೊರೆ, ಮಣ್ಣು, ಎಲೆಗಳ ಸಾವಿರಾರು ಮಾದರಿಗಳನ್ನು ಕಾಡಿನ ಪಕ್ಕದ ಉಗ್ರಾಣದಲ್ಲಿ ಸಾಲಾಗಿ ಜೋಡಿಸಿಟ್ಟಿದ್ದಾರೆ.

ಬೋಗುಣಿಯ ಬಾಯಿಯ ಬಳಿ, ಹಳ್ಳ ಪೆಮಿಗೆವಾಸೆಟ್ ಸೇರುವ ಮುನ್ನ, ಕನ್ನಡಿ ಎಂಬ ಅರ್ಥದ ಮಿರರ್ ಲೇಕ್ ಎಂಬ ಕೊಳವಿದೆ. ಹದಿನೈದು ಹೆಕ್ಟೇರಿನ ಕೊಳ, ಅದರ ಹೆಚ್ಚುವರಿ ನೀರು ಹಬ್ಬರ್ಡ್ ಹಳ್ಳಕ್ಕೇ ಬರುತ್ತದೆ. ಕೊಳದ ತಳದ ಕೆಸರಿನಲ್ಲಿ ಹಿಮಯುಗ ಮುಗಿದಂದಿನಿಂದ ಬಿದ್ದ ಪರಾಗ ಪದರಗಟ್ಟಿದೆ. ಮೊದಲು ಮರವಿಲ್ಲದ ಚಳಿಬಯಲು, ಆಮೇಲೆ ಸ್ಪ್ರೂಸ್, ಅದಾದ ಮೇಲೆ ಮೇಪಲ್ ಬೀಚ್‌ಗಳು ಬಂದ ಕ್ರಮವನ್ನು ಮಾರ್ಗರೆಟ್ ಡೇವಿಸ್ ಆ ಕೆಸರಿನಿಂದ ಓದಿ ತೆಗೆದರು. 1970ರ ಆಸುಪಾಸಿನಲ್ಲಿ ಕೊಳದ ಪಕ್ಕದಲ್ಲೇ 93ನೇ ಸಂಖ್ಯೆಯ ಹೆದ್ದಾರಿ ಹಾದುಹೋಯಿತು. ಅಲ್ಲಿನ ಚಳಿಗಾಲದಲ್ಲಿ ರಸ್ತೆಯ ಮೇಲಿನ ಮಂಜುಗಡ್ಡೆ ಕರಗಿಸಲು ಉಪ್ಪು ಚೆಲ್ಲುತ್ತಾರೆ, ಇಲ್ಲದಿದ್ದರೆ ಗಾಡಿಗಳು ಜಾರುತ್ತವೆ. ಉಪ್ಪುನೀರು ಕೊಳಕ್ಕೆ ಬಾರದಂತೆ ಬದು ಹಾಕಿ ತಿರುಗಿಸಿದರು. ಆದರೂ ಉಪ್ಪು ನೆಲದೊಳಗಿನಿಂದ ಜಿನುಗಿ ಕೊಳಕ್ಕೆ ಬಂತು. ಒಹಾಯೊದ ಹೊಗೆಯನ್ನು ಕಾನೂನಿನಿಂದ ತಡೆದ ಮೇಲೂ ಪಕ್ಕದ ರಸ್ತೆಯ ಉಪ್ಪು ಹಳ್ಳದ ಖಾತೆಯಲ್ಲಿ ಜಮೆಯಾಗುತ್ತಲೇ ಇದೆ.